ಅಟ್ಟದ ಮೇಲಿದ್ದ ಡಯಾನಾ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ. ನಾಲ್ಕು ತಿಂಗಳಿಂದ ಸಿಕ್ಕ ಭಾನುವಾರಗಳೆಲ್ಲ ಒಂದು ಹಳೇ ಏರ್‌ಗನ್ ಬಿಚ್ಚೋದು, ಜೋಡಿಸೋದು, ಮತ್ತೆ ಬಿಚ್ಚೋದು, ಇದರಲ್ಲೇ ಕಳೆದವು. ಸವಳಂಗ ರಸ್ತೆಯ ನಮ್ಮ ಮನೆ ತಾರಸಿ ಮೇಲೆ ಒಂದು ಮುರುಕು ಮೇಜು, ಅದರ ಮೇಲೆ ಹಾಸಿದ ಹಳೇ ಪೇಪರು, ಪೇಪರಿನ ತುಂಬ ಸ್ಕ್ರೂಗಳು. "ಇದೇನು ಮನೆಯೋ ಗ್ಯಾರೇಜೋ" ಅಂತ ಕೇಳೋದನ್ನೂ ಹೆಂಡತಿ ಈಗ ಬಿಟ್ಟಿದ್ದಾಳೆ.

ಈ ಬಂದೂಕನ್ನು ನೀವೆಲ್ಲ ನೋಡಿಯೇ ಇರ್ತೀರಿ. ಮಾರಿಜಾತ್ರೆಯಲ್ಲಿ ಬಲೂನ್ ಹೊಡೆಯೋ ಅಂಗಡಿ ನೆನಪು ಮಾಡಿಕೊಳ್ಳಿ. ಅಂಗಡಿಯವನು ನಳಿಗೆಯನ್ನು ತೊಡೆಗೆ ಆನಿಸಿ ಟಕ್ ಅಂತ ಮಡಚಿ, ಪುಟ್ಟ ಸೀಸದ ಗುಂಡು ತುರುಕಿ, ಮತ್ತೆ ನೇರ ಮಾಡಿ ನಮ್ಮ ಕೈಗೆ ಕೊಡ್ತಿದ್ದನಲ್ಲ, ಅದೇ. ಮದ್ದಿಲ್ಲ, ಗ್ಯಾಸಿಲ್ಲ. ನಳಿಗೆ ಮಡಚಿದಾಗ ಒಳಗಿರೋ ದಪ್ಪ ಸ್ಪ್ರಿಂಗ್ ಮುದುಡಿ ಕೂರುತ್ತೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತೆ, ಪಿಸ್ಟನ್ ಮುಂದಿರೋ ಗಾಳಿ ಒತ್ತಿಕೊಂಡು ಸಣ್ಣ ತೂತಿನಿಂದ ನುಗ್ಗಿ ಗುಂಡನ್ನು ದೂಡುತ್ತೆ. ಸೈಕಲ್ ಪಂಪಿಗೆ ಸಿಟ್ಟು ಬಂದ ಹಾಗೆ, ಅಷ್ಟೇ :-)

ನನ್ನ ಹತ್ತಿರ ಇರೋದು ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಡಯಾನಾ 27. ತೋಟಕ್ಕೆ ಬರೋ ಮಂಗ ಹೆದರಿಸೋಕೆ ಅಂತ ಯಾವುದೋ ಕಾಲದಲ್ಲಿ ತಂದಿದ್ದು. ಅದರ ಮೈಮೇಲೆ ಒಂದು ಚಿತ್ರ ಒತ್ತಿದ್ದಾರೆ. ರೋಮನ್ನರ ಬೇಟೆ ದೇವತೆ ಡಯಾನಾ, ಬಿಲ್ಲು ಬಾಣ ಬಿಸಾಡಿ ಏರ್‌ಗನ್ ಎತ್ತಿ ಹಿಡಿದಿದ್ದಾಳೆ. ಚಿಕ್ಕವನಿದ್ದಾಗ ನಾನು ಅದನ್ನು ಯಾವುದೋ ಅಮ್ಮನವರು ಅಂದುಕೊಂಡಿದ್ದೆ.

ಡಯಾನಾ ಜರ್ಮನಿಯ ಹೆಸರು. 1890ರಲ್ಲಿ ಶುರುವಾದ, ರಾಸ್ಟಾಟ್ ಊರಿನ ಕಂಪನಿಯದು. ಆದರೆ ಅಜ್ಜನ ಬಂದೂಕಿನ ಮೇಲೆ ಗ್ರೇಟ್ ಬ್ರಿಟನ್‌ನಲ್ಲಿ ಮಾಡಿದ್ದು ಅಂತ ಇದೆ. ನಕಲಿ ಮಾಲು ಅಂತಲೇ ನಾನು ಬಹಳ ವರ್ಷ ನಂಬಿದ್ದೆ. ಆಮೇಲೆ ಗೊತ್ತಾಯ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ ಪರಿಹಾರದ ಲೆಕ್ಕದಲ್ಲಿ ಆ ಕಾರ್ಖಾನೆಯ ಯಂತ್ರಗಳೂ ಡಯಾನಾ ಅನ್ನೋ ಹೆಸರೂ ಬ್ರಿಟನ್ನಿನ ಪಾಲಾದವು. ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ ಮಿಲ್ಬ್ರೋ ಅನ್ನೋ ಕಂಪನಿ ಅದೇ ಹೆಸರಲ್ಲಿ ಬಂದೂಕು ಮಾಡಿತು. ಜರ್ಮನಿಯವರು ತಮ್ಮದೇ ಹೆಸರು ಕಳಕೊಂಡು ಬ್ರಿಟನ್ನಿನಲ್ಲಿ 'ಒರಿಜಿನಲ್' ಅಂತ ಹೆಸರಿಟ್ಟು ಮಾರಬೇಕಾಯ್ತು. 1980ರ ದಶಕದ ಶುರುವಿನಲ್ಲಿ ಮಿಲ್ಬ್ರೋದ ಬಂದೂಕು ತಯಾರಿಕೆ ನಿಂತಿತು. ಆಮೇಲೆ 1984ರಲ್ಲಿ ಹೆಸರು ಜರ್ಮನಿಗೆ ವಾಪಸ್ ಹೋಯ್ತು. ಅದೇ ದಶಕದ ಕೊನೆಯ ಹೊತ್ತಿಗೆ ಜರ್ಮನಿಯಲ್ಲೂ 27ನೇ ನಂಬರಿನ ಮಾಡೆಲ್ ನಿಂತುಹೋಯ್ತು.

ಇಲ್ಲಿಯವರೆಗೆ ಸುಲಭ. ಈಗ ಬರೆಯೋಕೆ ಕಷ್ಟವಾದ ಭಾಗ.

1987ರ ಬೇಸಿಗೆ ರಜೆ. ನನಗೆ ಹತ್ತು ವರ್ಷ. ಅಜ್ಜ ಊಟ ಮಾಡಿ ಮಲಗಿದ್ದಾಗ ಬಂದೂಕು ತಗೊಂಡು ಹಿತ್ತಲಿಗೆ ಹೋದೆ. ನಳಿಗೆ ಮಡಚೋಕೆ ಮೈಯ ಭಾರವನ್ನೆಲ್ಲ ಹಾಕಬೇಕಾಯ್ತು. ಬೇಲಿಯ ಗೂಟದ ಮೇಲೆ ಒಂದು ಮಡಿವಾಳ ಹಕ್ಕಿ ಕೂತು ಹಾಡ್ತಿತ್ತು. ಕಪ್ಪು ಬಿಳುಪಿನ, ಬಾಲ ನಿಗುರಿಸೋ ಹಕ್ಕಿ, ನಿಮಗೆ ಗೊತ್ತಿರುತ್ತೆ. ನನಗೆ ತಾಗಿಸೋ ನಂಬಿಕೆಯೇ ಇರಲಿಲ್ಲ. ಅಷ್ಟು ಹೊತ್ತಿಗೆ ತೆಂಗಿನ ಚಿಪ್ಪಿಗೆ ಹನ್ನೆರಡು ಸಲ ಹೊಡೆದು ಹನ್ನೆರಡೂ ಗುರಿ ತಪ್ಪಿದ್ದವು. ಹದಿಮೂರನೆಯದು ತಪ್ಪಲಿಲ್ಲ.

ಅಜ್ಜ ಸದ್ದಿಗೆ ಎದ್ದು ಬಂದರು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಹಕ್ಕಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟು, "ನೀನೇ ಹುಗಿ" ಅಂದರು. ಇನ್ನೂ ಬೆಚ್ಚಗಿತ್ತು. ನಾನು ದಾಸವಾಳದ ಗಿಡದ ಬುಡದಲ್ಲಿ ಕೈಯಿಂದಲೇ ಗುಂಡಿ ತೋಡಿದೆ. ಅವತ್ತು ಸಂಜೆ ಅಜ್ಜ ಏಣಿ ಹಾಕಿ ಬಂದೂಕನ್ನು ಅಟ್ಟಕ್ಕೆ ಹಾಕಿದರು. ಆಮೇಲೆ ಅವರೂ ಅದನ್ನು ಇಳಿಸಲಿಲ್ಲ. ಮಂಗ ಬಂದರೆ ಡಬ್ಬ ಬಡೀತಿದ್ದರು. ಆ ವಿಷಯ ನಾವಿಬ್ಬರೂ ಮತ್ತೆ ಯಾವತ್ತೂ ಮಾತಾಡಲಿಲ್ಲ. ಅಜ್ಜ ಹೋಗಿ ಎಷ್ಟೋ ವರ್ಷವಾದ ಮೇಲೆ ಹಳೇ ಮನೆ ಕೆಡವಿದರು. ಎಲ್ಲರೂ ಕಂಚು, ತಾಮ್ರ ಹಂಚಿಕೊಳ್ತಿದ್ದಾಗ ನಾನು ಅಟ್ಟ ಹತ್ತಿ ಇದನ್ನು ತಂದೆ. ಯಾಕೆ ಅಂತ ಚಿಕ್ಕಪ್ಪ ಕೇಳಿದರು. ಉತ್ತರ ಕೊಡೋಕೆ ಆಗಲಿಲ್ಲ.

ಅಲ್ಲಿಂದ ಹುಚ್ಚು ಹತ್ತಿತು. ಈಗ ಮನೆಯಲ್ಲಿ ಮೂರಿವೆ. ಎರಡನೆಯದು ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯದು. ಹೌದು, ರಸ್ತೆ ಮೋರಿಗೆ ಹಾಕೋ ಸಿಮೆಂಟ್ ಪೈಪಿನವರೇ! 1926ರಲ್ಲಿ ಅದನ್ನು ಶುರು ಮಾಡಿದವರು ವಾಲಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದ್ದೂ ಅವರೇ. ಅವರ ಕಂಪನಿಯ 35ನೇ ನಂಬರಿನ ಬಂದೂಕು ನೋಡೋಕೆ ಡಯಾನಾ 35ರ ತಮ್ಮನ ಹಾಗೇ ಇದೆ. ಮೂರನೆಯದು ಜಾತ್ರೆ ಅಂಗಡಿಯಿಂದ ನಿವೃತ್ತಿ ಆದದ್ದು. ನಳಿಗೆಯ ಕೀಲು ಎಷ್ಟು ಸಡಿಲ ಅಂದರೆ ಬಲೂನು ತಪ್ಪಿದ್ದು ನಮ್ಮ ತಪ್ಪಲ್ಲ ಅಂತ ಈಗ ಧೈರ್ಯವಾಗಿ ಹೇಳಬಹುದು.

ಅಜ್ಜನ ಬಂದೂಕಿನ ಸ್ಪ್ರಿಂಗ್ ಎರಡು ತುಂಡಾಗಿತ್ತು. ಪಿಸ್ಟನ್ ತುದಿಯ ಚರ್ಮದ ವಾಷರ್ ಒಣಗಿ ಹಪ್ಪಳ. ಬಿಡಿಭಾಗ ಎಲ್ಲೂ ಸಿಗಲ್ಲ. ಕೊನೆಗೆ ಪರಿಚಯದವರೊಬ್ಬರು ಭದ್ರಾವತಿಯ ಒಬ್ಬ ಹಿರಿಯರ ವಿಳಾಸ ಕೊಟ್ಟರು. 1923ರಲ್ಲಿ ಉತ್ಪಾದನೆ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ ಆಗಿ ರಿಟೈರ್ ಆದವರು. ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಒಂದು ಚಿಕ್ಕ ಲೇತ್ ಇಟ್ಟುಕೊಂಡಿದ್ದಾರೆ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚೋ ತೀರ್ಮಾನ ಬಂದಾಗಿನ ಬೇಜಾರನ್ನು ಅರ್ಧ ಗಂಟೆ ಹೇಳಿಕೊಂಡರು. ಆಮೇಲೆ ಬಂದೂಕು ಕೈಗೆ ತಗೊಂಡು, "ತಮ್ಮಾ, ಹಕ್ಕಿ ಹೊಡಿಯಕ್ಕಾದ್ರೆ ನಾನು ಮಾಡ್ಕೊಡಲ್ಲ" ಅಂದರು.

"ಇಲ್ಲ ಯಜಮಾನ್ರೇ, ಪೇಪರಿಗೆ ಹೊಡಿಯಕ್ಕೆ" ಅಂದೆ. ಗಂಟಲು ಕಟ್ಟಿದ ಹಾಗಾಯ್ತು.

ಅವರ ಕೆಲಸ ನೋಡೋದೇ ಒಂದು ಭಾಗ್ಯ. ಸ್ಪ್ರಿಂಗ್ ತಂತಿಯನ್ನು ಲೇತಿನಲ್ಲಿ ಒಂದು ಸರಳಿಗೆ ಸುತ್ತಬೇಕು. ಆದರೆ ಬೇಕಾದ ಅಳತೆಯ ಸರಳಿಗೆ ಸುತ್ತಿದರೆ ಆಗಲ್ಲ. ಬಿಟ್ಟ ಕೂಡಲೇ ಸ್ಪ್ರಿಂಗ್ ಅರಳಿ ದಪ್ಪ ಆಗುತ್ತೆ. ಎಷ್ಟು ಅರಳುತ್ತೆ ಅಂತ ಅಂದಾಜು ಮಾಡಿ ಅದಕ್ಕಿಂತ ಸಣ್ಣ ಸರಳು ಇಡಬೇಕು. ಮೊದಲ ಎರಡು ಸ್ಪ್ರಿಂಗ್ ಕೆಟ್ಟವು, ಮೂರನೆಯದು ಕೂತಿತು. ಆಮೇಲೆ ಅದನ್ನು ಹದವಾದ ಶಾಖದಲ್ಲಿ ಬಿಸಿ ಮಾಡಿ, ತುದಿಗಳನ್ನು ಚಪ್ಪಟೆಯಾಗಿ ಉಜ್ಜಿ ಕೊಟ್ಟರು. ವಾಷರನ್ನು ನಮ್ಮ ಬೀದಿಯ ಚಪ್ಪಲಿ ಹೊಲಿಯೋರು ಚರ್ಮ ನೆನೆಸಿ ಅಚ್ಚಿಗೆ ಒತ್ತಿ ಬಟ್ಟಲಿನ ಹಾಗೆ ಮಾಡಿಕೊಟ್ಟರು. ನಾನು ಜಾಣತನ ಮಾಡಿ ಅದಕ್ಕೆ ತೆಂಗಿನೆಣ್ಣೆ ಕುಡಿಸಿದೆ. ಡಿಸೆಂಬರ್ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಬಂದೂಕಿಗೆ ಶೀತ ಆಯ್ತು :-) ಹೊಲಿಗೆ ಮಿಷನ್ ಎಣ್ಣೆ ಹಾಕಿದರೆ ಇನ್ನೊಂದು ಫಜೀತಿ. ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು ಢಂ ಅಂತ ಹೊಗೆ ಬರುತ್ತೆ, ಡೀಸೆಲ್ ಎಂಜಿನ್ನಿನ ಹಾಗೆ.

ಅಂತೂ ಒಂದು ದಿನ ತಾರಸಿ ಮೇಲೆ, ಹಳೇ ಬಟ್ಟೆ ಮತ್ತು ಪೇಪರ್ ಒತ್ತಿ ತುಂಬಿದ ಪೆಟ್ಟಿಗೆಗೆ ಕಾಗದ ಅಂಟಿಸಿ, ಅದರ ಹಿಂದೆ ಗೋಡೆ ಇರೋ ಹಾಗೆ ನೋಡಿಕೊಂಡು ಹೊಡೆದೆ. ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಎಷ್ಟು ಗಟ್ಟಿ ಹಿಡಿದರೆ ಅಷ್ಟು ಕೆಟ್ಟದಾಗಿ. ಸ್ಪ್ರಿಂಗ್ ಬಂದೂಕಿನ ಗುಟ್ಟೇ ಇದು. ಗುಂಡು ನಳಿಗೆ ಬಿಡೋದರೊಳಗೆ ಪಿಸ್ಟನ್ ಓಟಕ್ಕೆ ಬಂದೂಕು ಹಿಂದಕ್ಕೊಮ್ಮೆ, ಪಿಸ್ಟನ್ ನಿಂತ ಹೊಡೆತಕ್ಕೆ ಮುಂದಕ್ಕೊಮ್ಮೆ ಜಗ್ಗುತ್ತೆ. ಬಿಗಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆ ಥರ ಜಗ್ಗುತ್ತೆ. ಅಂಗೈ ಮೇಲೆ ಸುಮ್ಮನೆ ಕೂರಿಸಿ, ಅದರ ಪಾಡಿಗೆ ಅದು ಅಲ್ಲಾಡೋಕೆ ಬಿಡಬೇಕು. ಇದು ಕೈಗೆ ಬರೋಕೆ ನನಗೆ ಆರು ವಾರ ಬೇಕಾಯ್ತು. ಈಗ ಹತ್ತು ಮೀಟರಿನಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಬೀಳ್ತವೆ, ಒಳ್ಳೇ ದಿನಗಳಲ್ಲಿ.

ಮಾಡಬೇಕು ಅನ್ನೋರಿಗೆ ಒಂದು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಅಟ್ಟದಿಂದ ಇಳಿಸಿದ್ದು 5.5 ಮಿ.ಮೀ. ಆಗಿದ್ದರೆ ಬೇಕು. ಮೊದಲು ಅಳತೆ ನೋಡಿ. ಹಕ್ಕಿ, ಅಳಿಲು ಅಂತ ಹೊರಟರೆ 1972ರ ವನ್ಯಜೀವಿ ಕಾಯ್ದೆ ಇದೆ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನ ತಾವಾಗಿಯೇ ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳನ್ನು ಸರ್ಕಾರಕ್ಕೆ ಒಪ್ಪಿಸಿದರು, ಕಾಡಿನಲ್ಲಿ ಹಕ್ಕಿಗಳ ಸದ್ದೇ ಅಡಗ್ತಿದೆ ಅಂತ. ಅದನ್ನು ಓದಿದ ದಿನ ನನ್ನ ಮೂರೂ ಬಂದೂಕುಗಳನ್ನು ನೋಡ್ತಾ ಬಹಳ ಹೊತ್ತು ಕೂತಿದ್ದೆ.

ಮೊನ್ನೆ ಮಗಳು ತಾರಸಿಗೆ ಬಂದಳು. ಹನ್ನೊಂದು ವರ್ಷ ಅವಳಿಗೆ.

"ಅಪ್ಪಾ, ಇದ್ರಲ್ಲಿ ಹಕ್ಕಿ ಸಾಯತ್ತಾ?"

"ಸಾಯತ್ತೆ ಪುಟ್ಟಿ."

"ನಿಂಗೆ ಹೆಂಗೊತ್ತು?"

ಹೇಳಿದೆ. ಇಲ್ಲಿ ಬರೆದಷ್ಟನ್ನೂ, ದಾಸವಾಳದ ಬುಡದವರೆಗೆ. ಹೆಂಡತಿಗೂ ಹೇಳಿರಲಿಲ್ಲ. ಅವಳು ಏನೂ ಮಾತಾಡದೆ ಕೆಳಗಿಳಿದು ಹೋದಳು. ಎರಡು ವಾರ ತಾರಸಿಗೆ ಬರಲೇ ಇಲ್ಲ. ಹೇಳಿದ್ದೇ ತಪ್ಪಾಯ್ತೇನೋ ಅಂತ ನನಗೆ ನಿದ್ದೆ ಇಲ್ಲ.

ಕಳೆದ ಭಾನುವಾರ ತಾನೇ ಬಂದಳು. ಮೊದಲು ಪಕ್ಕದ ಮನೆಯ ನುಗ್ಗೆ ಮರದ ಕಡೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದಳು. ಕೂತಿದ್ದ ಎರಡು ಪಿಕಳಾರ ಹಾರಿಹೋದವು. ಆಮೇಲೆ ನನ್ನ ಹತ್ತಿರ ಬಂದು, "ಈಗ ಹೇಳ್ಕೊಡು" ಅಂದಳು.

ನಳಿಗೆ ನಾನೇ ಮಡಚಿಕೊಟ್ಟೆ. ಅವಳ ಮೊದಲ ಗುಂಡು ಕಾಗದಕ್ಕೂ ತಾಗಲಿಲ್ಲ, ಪೆಟ್ಟಿಗೆಯ ಅಂಚಿಗೆ ಬಿತ್ತು. ಗಟ್ಟಿ ಹಿಡೀಬೇಡ ಅಂದೆ.

ನಿಮ್ಮೂರ ಅಟ್ಟಗಳ ಮೇಲೂ ಇಂಥದ್ದೊಂದು ಇರಬಹುದು. ಇದ್ದರೆ, ಅದು ಅಲ್ಲಿಗೆ ಹತ್ತಿದ್ದು ಯಾಕೆ ಅಂತ ಬರೀರಿ. ಓದೋಕೆ ಕಾಯ್ತಿರ್ತೀನಿ.