ಎರಡು ಮೊಳೆ, ಒಂದು ದಾರ

1960ರ ದಶಕದ ಒಂದು ರಾತ್ರಿ. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಗೂಡಿನಲ್ಲಿದ್ದ ಹಿತ್ತಾಳೆಯ ಪಾತ್ರೆಗಳು ಒಮ್ಮೆಲೇ ಸದ್ದುಮಾಡಿದವು. ನೆಲದಾಳದಲ್ಲಿ ಎಲ್ಲಿಯೋ ಬಂಡೆ ಸಿಡಿದಿತ್ತು. ತೀರ್ಥರೂಪರು ರಾತ್ರಿ ಪಾಳಿಗೆಂದು ಗಣಿಗೆ ಇಳಿದಿದ್ದರು. ತಾಯಿಯವರು ಬೀದಿಗೆ ಬಂದರು, ಅಕ್ಕಪಕ್ಕದವರೂ ಬಂದರು. "ಎಲ್ಲಿ ಆಯಿತು?" ಎಂಬುದೊಂದೇ ಎಲ್ಲರ ಪ್ರಶ್ನೆ. ಒಬ್ಬರು ಚಾಂಪಿಯನ್ ರೀಫ್ ಎಂದರು; ಇನ್ನೊಬ್ಬರು ನಂದಿದುರ್ಗದ ಗಣಿ ಎಂದರು. ಬೆಳಗಾಗುವವರೆಗೆ ತಾಯಿಯವರು ಹೊಸ್ತಿಲು ಬಿಟ್ಟು ಒಳಗೆ ಬರಲಿಲ್ಲ. ತೀರ್ಥರೂಪರು ಕ್ಷೇಮವಾಗಿ ಮರಳಿದರು. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಮುಂದೆ ಈ ವಿದ್ಯಾಲಯದಲ್ಲಿ ಗಣಿತದ ಗುರುಗಳು ಹಲಗೆಗೆ ಎರಡು ಮೊಳೆ ಹೊಡೆದು, ಸಡಿಲವಾಗಿ ದಾರ ಕಟ್ಟಿ, ಸೀಮೆಸುಣ್ಣದಿಂದ ಅದನ್ನು ಬಿಗಿಹಿಡಿದು ದೀರ್ಘವೃತ್ತವನ್ನು ಎಳೆದು ತೋರಿಸಿದರು. ಅದರ ಉಪಯೋಗವೇನೆಂದು ನಾನು ಅರಿತದ್ದು ಬೆಂಗಳೂರಿನಲ್ಲಿ ರಾಡಾರ್ ವಿಷಯವನ್ನು ಅಭ್ಯಸಿಸುವಾಗ.

ಸಾಮಾನ್ಯ ರಾಡಾರ್ ತಾನೇ ಕೂಗಿ ತಾನೇ ಮಾರ್ದನಿಯನ್ನು ಆಲಿಸುತ್ತದೆ. ಬಹುನೆಲೆಯ ರಾಡಾರಿನಲ್ಲಿ ಒಂದು ನೆಲೆಯಿಂದ ರೇಡಿಯೋ ಅಲೆ ಹೊರಟರೆ, ವಿಮಾನಕ್ಕೆ ತಾಗಿ ಚದುರಿದ ಅಲೆಯನ್ನು ದೂರದೂರದ ಹಲವು ನೆಲೆಗಳು ಗ್ರಹಿಸುತ್ತವೆ. ಪ್ರಯಾಣದ ಕಾಲದಿಂದ ಒಟ್ಟು ದಾರಿಯ ಉದ್ದ ತಿಳಿಯುತ್ತದೆ. ಆ ಉದ್ದವೇ ಗುರುಗಳ ದಾರ. ಕಳುಹಿಸುವ ಮತ್ತು ಗ್ರಹಿಸುವ ನೆಲೆಗಳೇ ಎರಡು ಮೊಳೆಗಳು. ದೀರ್ಘವೃತ್ತವನ್ನು ಸುತ್ತ ತಿರುಗಿಸಿದಾಗ ಉಂಟಾಗುವ ಮೊಟ್ಟೆಯಾಕಾರದ ಮೈಯ ಮೇಲೆ ವಿಮಾನ ಎಲ್ಲಿಯಾದರೂ ಇರಬಹುದು. ಚೆನ್ನಾಗಿ ಹರಡಿದ ಮೂರು ಗ್ರಾಹಕಗಳಿದ್ದರೆ, ಅಂತಹ ಮೂರು ಮೈಗಳು ಆಕಾಶದಲ್ಲಿ ಸಂಧಿಸುವ ಬಿಂದುವೇ ಅದರ ಸ್ಥಾನ.

ವೇಗದ ವಿಚಾರವೂ ಹೀಗೆಯೇ. ವಿಮಾನ ಚಲಿಸಿದಂತೆ ದಾರದ ಉದ್ದ ಬದಲಾಗಿ ಅಲೆಯ ಆವೃತ್ತಿ ತುಸು ಏರುತ್ತದೆ ಅಥವಾ ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಒಂದು ಗ್ರಾಹಕಕ್ಕೆ ವೇಗದ ಒಂದು ಅಂಶ ಮಾತ್ರ ಕಾಣುತ್ತದೆ. ವಿಮಾನವು ಆ ಮೈಗುಂಟವೇ ಹಾರಿದರೆ ಏನೂ ಕಾಣದು. ಮೂರರ ಸಾಕ್ಷ್ಯ ಕೂಡಿದಾಗ ವೇಗವೂ ದಿಕ್ಕೂ ತಿಳಿಯುತ್ತವೆ. ಆದರೆ ಗಡಿಯಾರಗಳು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದಾರದ ಉದ್ದ 300 ಮೀಟರ್ ತಪ್ಪುತ್ತದೆ. ಗ್ರಾಹಕಗಳು ಒತ್ತೊತ್ತಾಗಿದ್ದರೆ ಸಣ್ಣ ದೋಷವೂ ಹಿರಿದಾಗುತ್ತದೆ. ಆದುದರಿಂದಲೇ ಹೆಚ್ಚು ಗ್ರಾಹಕಗಳನ್ನಿಟ್ಟು, ಎಲ್ಲ ಅಳತೆಗಳಿಗೂ ಅತ್ಯಂತ ಸಮೀಪವಾಗಿ ಹೊಂದುವ ಸ್ಥಾನವನ್ನು ಲೆಕ್ಕದಿಂದ ಆರಿಸುತ್ತಾರೆ.

ನಮ್ಮ ಗಣಿಗಳಲ್ಲಿಯೂ ಇದೇ ನ್ಯಾಯ ನಡೆಯಿತು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಜಿಯೋಫೋನುಗಳ ಜಾಲವನ್ನು ಹರಡಿ ಶಿಲಾಸ್ಫೋಟದ ನೆಲೆಯನ್ನು ಗುರುತಿಸತೊಡಗಿದರು. ರಾಡಾರಿಗೆ ಅಲೆ ಹೊರಟ ಕ್ಷಣ ಗೊತ್ತಿರುತ್ತದೆ. ಬಂಡೆಯಾದರೋ ಯಾರಿಗೂ ಹೇಳಿ ಸಿಡಿಯುವುದಿಲ್ಲ. ಆ ಕ್ಷಣವನ್ನೂ ಕಂಡುಹಿಡಿಯಬೇಕಾದುದರಿಂದ ಇಲ್ಲಿ ಕನಿಷ್ಠ ನಾಲ್ಕು ಕಿವಿಗಳು ಬೇಕು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಇಲ್ಲಿಯ ನೆಲ ನಡುಗಿದ್ದುಂಟು.

ಆ ರಾತ್ರಿ ನಮ್ಮ ಬೀದಿಯಲ್ಲಿ ಸುಳ್ಳು ನುಡಿದವರು ಯಾರೂ ಇರಲಿಲ್ಲ. ಅವರವರಿಗೆ ಕೇಳಿಸಿದ್ದನ್ನು ಅವರವರು ಹೇಳಿದರು. ಅವನ್ನೆಲ್ಲ ಒಂದೆಡೆ ಕೂಡಿಸಿ ಅಳೆಯುವ ಸಾಧನ ಮಾತ್ರ ಇರಲಿಲ್ಲ. ಹಲವರ ಅನುಭವವನ್ನು ಒಂದು ಮಂಟಪದಲ್ಲಿ ಕೂಡಿಸಿದ ಶರಣರ ಹೆಸರಿನಲ್ಲಿ ನಡೆಯುವ ಈ ವಿದ್ಯಾಲಯದಲ್ಲಿಯೇ ಆ ಸಾಧನದ ಮೊದಲ ಪಾಠ ನನಗೆ ದೊರೆಯಿತು. ಮೊಳೆ ಹೊಡೆದು ದಾರ ಕಟ್ಟಿದ ಆ ಗುರುಗಳಿಗೆ ಶರಣು ಶರಣಾರ್ಥಿ.