ಲೋಟದ ತಳದಲ್ಲಿ ಒಂದು ಹೆಸರು

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಬೆಳ್ಳಿ ಸಾಮಾನು ಕಂಡರೆ ಮೊದಲು ಹೊಳೆಯುವುದು ಅದರ ಚೆಲುವಲ್ಲ. ಎಷ್ಟು ತೂಗುತ್ತದೆ, ಶುದ್ಧ ಎಷ್ಟು, ಇದಕ್ಕೆ ಜವಾಬ್ದಾರಿ ಯಾರು... ಈ ಮೂರು ಪ್ರಶ್ನೆ. ಕಲಾರಸಿಕರು ಮೂಗು ಮುರಿಯಲಿ ಬಿಡಿ. ಆದರೆ ಅಮೆರಿಕದ ಮೊದಮೊದಲ ಬೆಳ್ಳಿ ಅಕ್ಕಸಾಲಿಗಳ ಕಥೆ ಓದುತ್ತಾ ಹೋದಂತೆ ನನಗೆ ಖುಷಿಯಾದದ್ದು, ಮುನ್ನೂರೈವತ್ತು ವರ್ಷದ ಹಿಂದೆ ಬಾಸ್ಟನ್ನಿನ ಗಿರಾಕಿಗಳೂ ಕೇಳುತ್ತಿದ್ದದ್ದು ಇದೇ ಮೂರು ಪ್ರಶ್ನೆ!

ಆಗ ಬಾಸ್ಟನ್ನಿನಲ್ಲಿ ಬ್ಯಾಂಕ್ ಇರಲಿಲ್ಲ. ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ, ಇನ್ನೂ ಯಾವಯಾವುದೋ ದೇಶದ ನಾಣ್ಯ. ಅದರಲ್ಲೂ ಅರ್ಧಕ್ಕರ್ಧ ಅಂಚು ಕತ್ತರಿಸಿದ್ದು, ಸವೆದದ್ದು. ಒಂದು ಚೀಲ ನಾಣ್ಯ ಸೇರಿತು ಅನ್ನಿ, ಎಲ್ಲಿಡುವುದು? ಕಳ್ಳ ಹೊತ್ತೊಯ್ದರೆ ಅದು ನಿಮ್ಮದೇ ಎಂದು ಸಾಬೀತು ಮಾಡುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ಚೀಲವನ್ನು ಅಕ್ಕಸಾಲಿಯ ಹತ್ತಿರ ತೆಗೆದುಕೊಂಡು ಹೋಗಿ, ಕರಗಿಸಿ, ಒಂದು ದೊಡ್ಡ ಮುಚ್ಚಳದ ಲೋಟವನ್ನೋ ಬಟ್ಟಲನ್ನೋ ಮಾಡಿಸುವುದು. ಬೆಳ್ಳಿ ಎಲ್ಲೂ ಹೋಗಲಿಲ್ಲ, ಮನೆಯಲ್ಲೇ ಇತ್ತು. ನಾಲ್ಕು ಜನ ಬಂದಾಗ ಶೋಭೆ, ಕಷ್ಟ ಬಂದರೆ ಮತ್ತೆ ಮೂಸೆಗೆ ಹಾಕಿದರಾಯಿತು. ಕೂಲಿ ಒಂದು ಖರ್ಚು, ಅಷ್ಟೇ. ಅದರ ಮೇಲೆ ಮನೆಯವರ ಹೆಸರಿನ ಅಕ್ಷರ ಕೊರೆಸುತ್ತಿದ್ದರು. ಮೇಲೆ ಮನೆತನದ ಹೆಸರಿನ ಅಕ್ಷರ, ಕೆಳಗೆ ಎಡಕ್ಕೆ ಗಂಡನದು, ಬಲಕ್ಕೆ ಹೆಂಡತಿಯದು. ನಮ್ಮಲ್ಲಿ ಪಾತ್ರೆ ಅಂಗಡಿಯವನು ಕರ್‌ರ್ ಎಂದು ಮೆಷಿನ್ ಹಿಡಿದು ಹೆಸರು ಬರೆದುಕೊಡುತ್ತಾನಲ್ಲ, ಥೇಟ್ ಹಾಗೆ. ಕಳುವಾದರೆ ಗುರುತು ಹೇಳಿ ಪತ್ರಿಕೆಯಲ್ಲಿ ಜಾಹೀರಾತು ಹಾಕಬಹುದಿತ್ತು.

ಫಿಲಡೆಲ್ಫಿಯದಲ್ಲಿ ಬ್ಯಾಂಕ್ ಆಫ್ ನಾರ್ತ್ ಅಮೆರಿಕಾ ಬಾಗಿಲು ತೆರೆದದ್ದು 1782ರಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಬ್ಯಾಂಕ್ 1784ರದು. ಅಲ್ಲಿಯತನಕ ನೂರಕ್ಕೂ ಹೆಚ್ಚು ವರ್ಷ ನಮ್ಮ ಕೆಲಸದ ಒಂದು ಪಾಲನ್ನು ಮಾಡಿದವನು ಈ ಅಕ್ಕಸಾಲಿಯೇ.

ನೋಟು ನಾಣ್ಯಗಳೂ ಅವನ ಕೈಯಿಂದಲೇ ಬಂದವು. 1652ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನವರು ಸ್ವಂತ ಟಂಕಸಾಲೆ ಶುರುಮಾಡಿದಾಗ ಅದನ್ನು ವಹಿಸಿದ್ದು ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಎಂಬ ಇಬ್ಬರು ಅಕ್ಕಸಾಲಿಗಳಿಗೆ. ಪೈನ್ ಮರದ ಚಿತ್ರವಿದ್ದ ಅವರ ಶಿಲಿಂಗು ಈಗ ನಾಣ್ಯ ಸಂಗ್ರಹಿಸುವವರ ಕನಸು. ವರ್ಷಗಟ್ಟಲೆ ಟಂಕಿಸಿದರೂ ಅದರ ಮೇಲೆ 1652 ಎಂದೇ ಇರುತ್ತಿತ್ತು. ಆ ವರ್ಷ ಇಂಗ್ಲೆಂಡಿನಲ್ಲಿ ರಾಜನೇ ಇರಲಿಲ್ಲ, ಹಾಗಾಗಿ ರಾಜನ ಹಕ್ಕು ಕಸಿದ ಆರೋಪ ಬಾರದಿರಲಿ ಎಂಬ ಉಪಾಯ ಅದು ಎನ್ನುತ್ತಾರೆ.

ಹಲ್‌ನ ಮಗಳು ಹ್ಯಾನಾಳ ಬಗ್ಗೆ ಒಂದು ಕಥೆಯಿದೆ. 1676ರಲ್ಲಿ ಸ್ಯಾಮ್ಯುಯೆಲ್ ಸೂವಲ್ ಎಂಬಾತನಿಗೆ ಅವಳನ್ನು ಕೊಟ್ಟಾಗ ತಂದೆ ಅವಳನ್ನು ತಕ್ಕಡಿಯಲ್ಲಿ ಕೂರಿಸಿ, ತೂಕಕ್ಕೆ ತೂಕ ಶಿಲಿಂಗು ಸುರಿದನಂತೆ. ನಮ್ಮ ತುಲಾಭಾರ! ಹಾಥಾರ್ನ್ ಎಂಬ ಲೇಖಕ 1841ರಲ್ಲಿ ಮಕ್ಕಳಿಗಾಗಿ ಬರೆದು ಜನಪ್ರಿಯ ಮಾಡಿದ ಕಥೆ ಇದು, ಇತಿಹಾಸವಲ್ಲ. ಆದರೆ ವರದಕ್ಷಿಣೆ 500 ಪೌಂಡ್ ಎನ್ನುವುದು ಮಾತ್ರ ನಿಜ. ಬಿ.ಕಾಂ. ಓದಿದವನ ಕೈ ಸುಮ್ಮನಿರುತ್ತದೆಯೇ? ಲೆಕ್ಕ ಹಾಕಿದೆ. 500 ಪೌಂಡ್ ಎಂದರೆ 10,000 ಶಿಲಿಂಗು. ಹಲ್‌ನ ಶಿಲಿಂಗು 72 ಗ್ರೇನ್, ಅಂದರೆ ನಾಲ್ಕೂಮುಕ್ಕಾಲು ಗ್ರಾಮಿಗೆ ಸ್ವಲ್ಪ ಕಡಿಮೆ. ಒಟ್ಟು ಸುಮಾರು 46 ಕಿಲೋ 600 ಗ್ರಾಂ. ಹದಿನೆಂಟರ ಹುಡುಗಿಗೆ ಸರಿಯಾದ ತೂಕವೇ! ಕಥೆ ಕಟ್ಟಿದವರು ಲೆಕ್ಕದಲ್ಲಿ ಹುಷಾರಿದ್ದರು.

ಇನ್ನು ಮೂರನೆಯ ಪ್ರಶ್ನೆಗೆ ಬರುತ್ತೇನೆ. ಜವಾಬ್ದಾರಿ ಯಾರದು?

ಇಂಗ್ಲೆಂಡಿನಲ್ಲಿ ಬೆಳ್ಳಿ ಸಾಮಾನನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವ ವ್ಯವಸ್ಥೆ 1300ರಿಂದಲೇ ಇತ್ತು. ಚಿರತೆಯ ತಲೆ, ನಡೆಯುವ ಸಿಂಹ, ವರ್ಷ ಸೂಚಿಸುವ ಅಕ್ಷರ ಎಂದು ಒಂದೊಂದೇ ಸೇರುತ್ತಾ ಹೋದವು. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಗಳಲ್ಲಿ ಅಂಥ ಪರೀಕ್ಷೆಯ ಕಚೇರಿ ಇರಲಿಲ್ಲ. ಬಾಲ್ಟಿಮೋರಿನಲ್ಲಿ 1814ರಲ್ಲಿ ಒಂದು ಶುರುವಾಗಿ 1830ಕ್ಕೆ ಮುಗಿದುಹೋಯಿತು. ಹಾಗಾದರೆ ಗ್ಯಾರಂಟಿ ಏನು? ಪಾತ್ರೆಯ ತಳದಲ್ಲೋ ಹಿಡಿಯ ಪಕ್ಕದಲ್ಲೋ ಅಕ್ಕಸಾಲಿ ಒತ್ತಿದ ತನ್ನ ಹೆಸರಿನ ಒಂದೆರಡು ಅಕ್ಷರ. ಅಷ್ಟೇ! ಸರ್ಕಾರದ ಸಿಂಹ ಇಲ್ಲ, ಚಿರತೆ ಇಲ್ಲ. "ನಾನು ಇಂಥವನು, ಇದೇ ಬೀದಿಯಲ್ಲಿ ಇದ್ದೇನೆ, ಕಡಿಮೆ ಬಂದರೆ ನನ್ನನ್ನು ಕೇಳಿ" ಎನ್ನುವುದು ಅದರ ಅರ್ಥ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಹಲ್ ಮುಂದೆ ವಸಾಹತಿನ ಖಜಾಂಚಿಯೇ ಆದ. ಅಂಥವನು ಒಂದು ಲೋಟಕ್ಕೆ ತಾಮ್ರ ಬೆರೆಸಿ ಮಾನ ಕಳೆದುಕೊಳ್ಳುತ್ತಾನೆಯೇ?

ಎಲ್ಲರೂ ಹಲ್ ಆಗಿರಲಿಲ್ಲ ಅನ್ನಿ. ರೋಡ್ ಐಲೆಂಡಿನ ಸ್ಯಾಮ್ಯುಯೆಲ್ ಕೇಸಿ ಒಳ್ಳೆಯ ಕೆಲಸಗಾರ. 1764ರಲ್ಲಿ ಮನೆ ಸುಟ್ಟುಹೋಯಿತು. ಆಮೇಲೆ ಸ್ಪೇನಿನ ಡಾಲರುಗಳನ್ನು ಖೋಟಾ ಹೊಡೆದು ಸಿಕ್ಕಿಬಿದ್ದ. 1770ರಲ್ಲಿ ಗಲ್ಲು ಶಿಕ್ಷೆಯಾಯಿತು. ಒಂದು ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡ ಜನ ಜೈಲು ಒಡೆದು ಅವನನ್ನು ಬಿಡಿಸಿಬಿಟ್ಟರು. ಆಮೇಲೆ ಆ ಕಡೆ ಅವನು ಕಾಣಿಸಿಕೊಳ್ಳಲಿಲ್ಲ. ಅಸಲಿ ಮಾಡುವ ಕೈಗೆ ನಕಲಿ ಕಷ್ಟವಲ್ಲ. ಅದಕ್ಕೇ ಹೆಸರಿಗೆ ಅಷ್ಟು ಬೆಲೆ.

2019ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಪಾಲ್ ರಿವಿಯರ್ ಮಾಡಿದ ಬೆಳ್ಳಿ ಬಟ್ಟಲು ನೋಡಿದೆ. 1768ರದು. ಬ್ರಿಟಿಷ್ ಸರ್ಕಾರದ ಆಜ್ಞೆಗೆ ತಲೆಬಾಗದ 92 ಜನ ಶಾಸಕರ ಗೌರವಕ್ಕೆ 'ಸನ್ಸ್ ಆಫ್ ಲಿಬರ್ಟಿ'ಯ 15 ಜನ ಸೇರಿ ಮಾಡಿಸಿದ್ದು. ಆ ಹದಿನೈದು ಹೆಸರೂ ಅಂಚಿನ ಸುತ್ತ ಕೊರೆದಿವೆ. ಸಿಕ್ಕಿಬಿದ್ದರೆ ರಾಜದ್ರೋಹಕ್ಕೆ ಸಾಕ್ಷಿಯಾಗುವಂಥ ಪಾತ್ರೆಯ ಮೇಲೆ! ಆಕಾರ ಚೀನಾದ ಪಿಂಗಾಣಿ ಬಟ್ಟಲಿನದು. 1949ರಲ್ಲಿ ಮ್ಯೂಸಿಯಂ ಕೊಂಡಾಗ 700 ಶಾಲಾಮಕ್ಕಳೂ ಕಾಸು ಕೊಟ್ಟಿದ್ದರಂತೆ.

ಗಾಜಿನ ಈಚೆ ನಿಂತು ನೋಡಿದರೆ ಎಲ್ಲೂ ಸುತ್ತಿಗೆ ಏಟಿನ ಗುರುತಿಲ್ಲ. ಆದರೆ ಆ ಕಾಲದ ಬಟ್ಟಲು ಹುಟ್ಟುವುದೇ ಏಟಿನಿಂದ. ಬೆಳ್ಳಿ ಕರಗಿಸಿ ಅಚ್ಚಿಗೆ ಹೊಯ್ಯಬೇಕು, ಗಟ್ಟಿಯನ್ನು ಬಡಿದು ತಗಡು ಮಾಡಬೇಕು, ದುಂಡಗೆ ಕತ್ತರಿಸಿ ನಡುವೆ ಒಂದು ಚುಕ್ಕೆ ಇಡಬೇಕು. ಆ ಚುಕ್ಕೆಯಿಂದ ಸುತ್ತು ಸುತ್ತಾಗಿ ಬಡಿಯುತ್ತಾ ಅಂಚನ್ನು ಮೇಲೆಬ್ಬಿಸಬೇಕು. ಬಡಿದಂತೆ ಬೆಳ್ಳಿ ಗಡುಸಾಗುತ್ತದೆ, ಹಾಗೇ ಮುಂದುವರಿಸಿದರೆ ಬಿರುಕು. ಪ್ರತಿ ಸಲ ಮತ್ತೆ ಬೆಂಕಿಗೆ ಇಟ್ಟು ಮೆದು ಮಾಡಬೇಕು. ಕೊನೆಗೆ ನಯವಾದ ಸುತ್ತಿಗೆಯಿಂದ ಸವರಿದಂತೆ ಬಡಿದು ಹಳೆಯ ಏಟನ್ನೆಲ್ಲ ಅಳಿಸಬೇಕು. ಇದನ್ನು ಕಲಿಯಲು ಹುಡುಗರು ಏಳು ವರ್ಷದ ಕರಾರಿನ ಮೇಲೆ ಸೇರುತ್ತಿದ್ದರು. ರಿವಿಯರನ ತಂದೆಯೂ ಹಾಗೆ ಬಂದವನೇ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದ ಹದಿಮೂರರ ಹುಡುಗ, ಅಪೊಲೋಸ್ ರಿವ್ವಾರ್. ಮ್ಯಾಸಚೂಸೆಟ್ಸಿನ 1702ರ ನೋಟಿನ ತಗಡು ಕೊರೆದ ಜಾನ್ ಕೋನಿಯ ಹತ್ತಿರ ಕೆಲಸಕ್ಕೆ ಸೇರಿದ. ಊರಿನವರ ನಾಲಿಗೆಗೆ ಹೊರಳಲೆಂದು ಹೆಸರನ್ನೇ ಪಾಲ್ ರಿವಿಯರ್ ಎಂದು ಮಾಡಿಕೊಂಡ. ಪರಊರಿನಲ್ಲಿ ಹೆಸರು ಮೊಟಕಾಗುವ ಈ ಅನುಭವ ಮುಂಬಯಿಯಲ್ಲಿರುವ ನಮಗೆ ಹೊಸದೇನಲ್ಲ ಬಿಡಿ.

ಮಗ ಪಾಲ್ ರಿವಿಯರ್ (1735–1818) ಅಮೆರಿಕದ ಮಕ್ಕಳಿಗೆ ಗೊತ್ತಿರುವುದು 1775ರ ಏಪ್ರಿಲ್ 18ರ ರಾತ್ರಿ ಕುದುರೆ ಏರಿ ಬ್ರಿಟಿಷ್ ಸೈನ್ಯ ಬರುತ್ತಿದೆ ಎಂದು ಎಚ್ಚರಿಸಿದವನಾಗಿ. ನನಗೆ ಹಿಡಿಸಿದ್ದು ಅವನ ಲೆಕ್ಕದ ಪುಸ್ತಕ. 1761ರಿಂದ ಇಟ್ಟ ಆ ಪುಸ್ತಕಗಳು ಇನ್ನೂ ಉಳಿದಿವೆ, ಹೆಸರು 'ವೇಸ್ಟ್ ಬುಕ್'. ಅಕೌಂಟೆನ್ಸಿ ಓದಿದವರಿಗೆ ಗೊತ್ತು, ವ್ಯವಹಾರ ನಡೆದ ಹಾಗೇ ಗೀಚಿಡುವ ಕಚ್ಚಾ ಪುಸ್ತಕ ಅದು. ಅದರಲ್ಲಿ ಬೆಳ್ಳಿಯ ಬೆಲೆ ಬೇರೆ, ಮಾಡಿದ ಕೂಲಿ ಬೇರೆ. ದೊಡ್ಡ ಬಟ್ಟಲು ಅಪರೂಪ, ದಿನನಿತ್ಯದ ಅನ್ನ ಚಮಚ, ಬಕಲ್, ಗುಂಡಿ, ರಿಪೇರಿಯಿಂದ. ಕೆಲಸ ಕಡಿಮೆಯಾದಾಗ ಹಲ್ಲು ಕಟ್ಟುವ ಕೆಲಸವನ್ನೂ ಮಾಡಿದ. ಅವನ ಗೆಳೆಯ ಡಾ. ಜೋಸೆಫ್ ವಾರನ್ 1775ರ ಜೂನಿನಲ್ಲಿ ಬಂಕರ್ ಹಿಲ್ ಯುದ್ಧದಲ್ಲಿ ಸತ್ತ. ತಿಂಗಳುಗಳ ನಂತರ, 1776ರಲ್ಲಿ, ಹೂತ ಹೆಣಗಳನ್ನು ತೆಗೆದಾಗ ಗುರುತು ಹಿಡಿದವನು ರಿವಿಯರ್. ತಾನೇ ತಂತಿ ಹಾಕಿ ಕಟ್ಟಿದ್ದ ಹಲ್ಲಿನಿಂದ!

ಅದನ್ನು ಓದಿದಾಗ ನನಗೆ ನೆನಪಾದವರು ನಮ್ಮ ಬ್ರಾಂಚಿನ ಶೇಟ್ರು. ಚಿನ್ನದ ಸಾಲಕ್ಕೆ ಒಡವೆ ಪರೀಕ್ಷೆ ಮಾಡುವ ಅಪ್ರೈಸರ್, ಕುಮಟೆ ಕಡೆಯವರು. ಅವರು ಒರೆಗಲ್ಲಿಗೆ ಉಜ್ಜಿ, ಆಸಿಡ್ ಹಾಕಿ, ಸಹಿ ಮಾಡಿದರೆ ಅದರ ಮೇಲೆ ನನ್ನ ಸಹಿ. ಒಮ್ಮೆ ಯಾರದೋ ಹಳೆಯ ಸರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತರು. "ಏನು ಶೇಟ್ರೆ, ಖೋಟಾ ಏನಾದ್ರೂ?" ಎಂದೆ.

"ಅಲ್ಲ ಸರ್. ಬೆಸುಗೆ ನೋಡಿ. ಇದು ನಮ್ಮ ಅಪ್ಪನ ಕೈ."

ಸರದ ಮೇಲೆ ಯಾವ ಗುರುತೂ ಇರಲಿಲ್ಲ. ಮಾಡಿಸಿಕೊಟ್ಟ ಅಂಗಡಿಯ ಹೆಸರೂ ಗಿರಾಕಿಗೆ ಮರೆತಿತ್ತು. ಶೇಟ್ರು ತೂಕ ಬರೆದು, ಸಹಿ ಮಾಡಿ, ಪೊಟ್ಟಣಕ್ಕೆ ಸೀಲ್ ಹಾಕಿಸಿದರು. ಅವರೂ ಚಿಕ್ಕಂದಿನಲ್ಲಿ ಕೆಲಸ ಕಲಿತವರೇ, ಆದರೆ ಮೆಷಿನ್ ಸರಗಳು ಬಂದ ಮೇಲೆ ಕೈಕೆಲಸಕ್ಕೆ ಕೂಲಿ ಹುಟ್ಟಲಿಲ್ಲ. ಈಗ ಬೇರೆಯವರು ಮಾಡಿದ್ದನ್ನು ಪರೀಕ್ಷಿಸುವುದಷ್ಟೇ.

ಬಾಸ್ಟನ್ನಿನ ಮುದ್ರೆಗಳ ಹಿಂದೆಯೂ ಇಂಥ ಕೈಗಳು ಎಷ್ಟೋ. ಮುದ್ರೆ ಅಂಗಡಿಯ ಯಜಮಾನನದು. ಬಡಿದವನು ಸಂಬಳದ ಕೆಲಸಗಾರನೋ, ಕಲಿಯುವ ಹುಡುಗನೋ ಆಗಿರಬಹುದಿತ್ತು. ದಕ್ಷಿಣದ ಚಾರ್ಲ್ಸ್‌ಟನ್ನಿನಲ್ಲಿ ಗುಲಾಮನೂ ಆಗಿರಬಹುದಿತ್ತು. ಅಲ್ಲಿಯ ಅಲೆಗ್ಸಾಂಡರ್ ಪೆಟ್ರಿ ಎಂಬ ಅಕ್ಕಸಾಲಿ 1768ರಲ್ಲಿ ತೀರಿಕೊಂಡಾಗ ಅವನ ಆಸ್ತಿಯ ಜೊತೆ ಏಬ್ರಹಾಂ ಎಂಬ ಕುಶಲ ಕೆಲಸಗಾರನನ್ನೂ ಮಾರಿದರು. ಕೊಂಡವನು ಇನ್ನೊಬ್ಬ ಬೆಳ್ಳಿ ವ್ಯಾಪಾರಿ. ಏಬ್ರಹಾಂನ ಕೈಗೆ ಬೆಲೆ ಕಟ್ಟಿದರು, ಆದರೆ ಪಾತ್ರೆಯ ತಳದಲ್ಲಿ ಅವನ ಹೆಸರಿಗೆ ಜಾಗವಿರಲಿಲ್ಲ. ಆಫ್ರಿಕನ್ ಮೂಲದ ಪೀಟರ್ ಬೆಂಟ್ಜನ್ ಎಂಬ ಸ್ವತಂತ್ರ ಕೆಲಸಗಾರ ಮುಂದೆ ಫಿಲಡೆಲ್ಫಿಯದಲ್ಲಿ ತನ್ನದೇ ಮುದ್ರೆ ಒತ್ತಿದ. ಆ ಕಾಲಕ್ಕೆ ಅದು ತೀರ ಅಪರೂಪದ ಮಾತು.

ಕೈಕೆಲಸದ ಕಾಲ ಮುಗಿಯಲು ದಾರಿ ಮಾಡಿದವರಲ್ಲಿ ರಿವಿಯರ್ ಕೂಡ ಒಬ್ಬ. 1785ರ ಸುಮಾರಿಗೆ ಬೆಳ್ಳಿಯನ್ನು ತಗಡು ಮಾಡುವ ರೋಲರ್ ಯಂತ್ರ ತಂದ. ತಗಡನ್ನು ಬಗ್ಗಿಸಿ ಬೆಸುಗೆ ಹಾಕಿದರೆ ಟೀಪಾಟ್ ಸಿದ್ಧ, ಬಡಿದು ಎಬ್ಬಿಸುವ ಕಷ್ಟವಿಲ್ಲ. 1801ರಲ್ಲಿ ಕ್ಯಾಂಟನ್ ಎಂಬಲ್ಲಿ ತಾಮ್ರದ ಮಿಲ್ಲನ್ನೇ ಹಾಕಿದ. ಮುಂದಿನ ಶತಮಾನದಲ್ಲಿ ಕಾರ್ಖಾನೆಗಳು, ಕರೆಂಟಿನಿಂದ ಬೆಳ್ಳಿ ಲೇಪಿಸುವ ವಿದ್ಯೆ ಎಲ್ಲ ಬಂದವು. ಅದೇ ಮ್ಯೂಸಿಯಂನಲ್ಲಿ ಅವನ ಚಿತ್ರವಿದೆ. ಕಾಪ್ಲಿ ಎಂಬ ಕಲಾವಿದ 1768ರಲ್ಲೇ ಬರೆದದ್ದು. ಕೋಟಿಲ್ಲದೆ ಬರೀ ಅಂಗಿಯಲ್ಲಿ, ಕೈಯಲ್ಲಿ ಇನ್ನೂ ಚಿತ್ತಾರ ಕೊರೆಯದ ಟೀಪಾಟ್ ಹಿಡಿದು ಕೂತಿದ್ದಾನೆ. ಮನೆಯವರು ಇದನ್ನು ಬಹಳ ಕಾಲ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರಂತೆ. 1930ರಲ್ಲಿ ಮ್ಯೂಸಿಯಂಗೆ ಬಂತು. ಅಷ್ಟರಲ್ಲಿ, 1906ರಲ್ಲಿ, ಅಲ್ಲೇ ಹಳೆಯ ಅಮೆರಿಕನ್ ಬೆಳ್ಳಿಯ ಮೊದಲ ದೊಡ್ಡ ಪ್ರದರ್ಶನ ನಡೆದು, ತಳದ ಅಕ್ಷರಗಳನ್ನು ಜನ ಹುಡುಕತೊಡಗಿದ್ದರು.

ನಮ್ಮಲ್ಲಿ ಚಿನ್ನಕ್ಕೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯ. ಗ್ರಾಹಕರಿಗೆ ಒಳ್ಳೆಯದೇ, ಬ್ಯಾಂಕಿನವನಾಗಿ ನನಗೂ ನಿಶ್ಚಿಂತೆ. ಅದಕ್ಕೂ ಮೊದಲಿನ ಹಾಲ್‌ಮಾರ್ಕಿನಲ್ಲಿ ಅಂಗಡಿಯ ಗುರುತೂ ಇರುತ್ತಿತ್ತು. ಈಗ ಬಿ.ಐ.ಎಸ್. ಚಿಹ್ನೆ, ಶುದ್ಧತೆ, ಆರು ಅಕ್ಷರ-ಅಂಕಿಗಳ ಒಂದು ಸಂಖ್ಯೆ. ಮೊಬೈಲಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಪರೀಕ್ಷೆ ಎಲ್ಲಾಯಿತು ಎಂದು ಗೊತ್ತಾಗುತ್ತದೆ. ಮಾಡಿದ ಕೈ ಯಾರದು ಎಂದು ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಬೆಳ್ಳಿ ಲೋಟವೋ ಕುಂಕುಮದ ಬಟ್ಟಲೋ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಬಹುಶಃ ಅಜ್ಜಿಯ ಹೆಸರೋ ಕೊಟ್ಟವರ ಹೆಸರೋ ಇರುತ್ತದೆ, ಮಾಡಿದವನದು ಇರುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಯಾವ ಊರಿನ ಯಾವ ಅಕ್ಕಸಾಲಿ ಮಾಡಿದ್ದು ಎಂದು ಈಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಬೆಸುಗೆ ನೋಡಿ ಹೇಳಬಲ್ಲ ಶೇಟ್ರು ಬರುವ ವರ್ಷ ಕೆಲಸ ಬಿಟ್ಟು ಕುಮಟೆಗೆ ಹೊರಡುತ್ತಿದ್ದಾರೆ.