ಕೇಳೂದೇನರ ಐತೇನು?

ಸಂದರ್ಶನದ ಕೊನೆಗೆ ಬರುವ ಒಂದೇ ಒಂದು ಮಾತಿಗಾಗಿ ನಾನು ವರ್ಷವಿಡೀ ತಯಾರಿ ನಡೆಸುತ್ತೇನೆ: ‘ನಿಮಗೇನಾದರೂ ಕೇಳುವುದಿದೆಯೇ?’ ಸಂದರ್ಶನಕ್ಕೆ ಹೋಗುವವನು ನಾನಲ್ಲ. ಮಾಸ್ತರಿಕೆ ಮುಗಿಸಿ ಪಿಂಚಣಿ ಉಣ್ಣುತ್ತಿರುವವನನ್ನು ಯಾರು ಕರೆದಾರು? ಹೋಗುವವರು ನಮ್ಮ ಮಸೂತಿಯ, ಸುತ್ತಲಿನ ಕೂಡಗಿ, ತೆಲಗಿ, ಗೊಳಸಂಗಿಯ ಹುಡುಗ ಹುಡುಗಿಯರು. ಐಟಿಐ ಮಾಡಿದವರು, ಡಿಪ್ಲೊಮಾದವರು, ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತವರು. ಕರೆ ಬಂದ ದಿನ ಸಂಜೆ ನಮ್ಮ ಕಟ್ಟೆಗೆ ಬರುತ್ತಾರೆ. ಉತ್ತರ ಹೇಳಿಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಏನು ಕೇಳಬೇಕು ಎಂದು ಆರಿಸಿಕೊಡುವ ಕೆಲಸ ನನ್ನದು. ಇದರಷ್ಟು ರುಚಿಯ ಕಾಲಕ್ಷೇಪ ನನಗೆ ಮತ್ತೊಂದು ಸಿಕ್ಕಿಲ್ಲ.

‘ಕಾಕಾ, ಕಡೀಕ ಏನರ ಕೇಳೂದೈತೇನು ಅಂದ್ರ ಏನ ಹೇಳ್ಲಿ?’

‘ನೀ ಏನ ಹೇಳಬೇಕಂತ ಮಾಡೀದಿ?’

‘ಏನಿಲ್ರಿ ಸರ, ಅಂತೀನಿ.’

ನೂರಕ್ಕೆ ತೊಂಬತ್ತು ಮಂದಿ ಅನ್ನುವುದು ಇದನ್ನೇ. ವಿನಯ ಎಂದು ಇವರ ಭಾವನೆ. ಮೇಜಿನ ಆಚೆ ಕೂತವನಿಗೆ ಅದು ವಿನಯವಾಗಿ ಕಾಣುವುದಿಲ್ಲ; ಈ ಹುಡುಗ ಬರಲಿರುವ ಕೆಲಸವನ್ನು ಒಮ್ಮೆಯೂ ಮನಸ್ಸಿನಲ್ಲಿ ಮಾಡಿ ನೋಡಿಲ್ಲ ಎಂದು ಕಾಣುತ್ತದೆ.

ಮನಸ್ಸಿನಲ್ಲಿ ಮಾಡಿ ನೋಡುವುದೇ ಈ ಕಸುಬಿನ ಮೂಲ. ನಮ್ಮ ಹೊಲಗಳಾಚೆಗೆ ಕೂಡಗಿಯ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಮೆಗಾವಾಟ್, ನೀರು ಆಲಮಟ್ಟಿಯದು. ಅದು ಏಳುವ ಹೊತ್ತಿಗೆ ಈ ಹಳ್ಳಿಗಳು ಹೋರಾಟಕ್ಕಿಳಿದಿದ್ದವು, 2014ರ ಜುಲೈಯಲ್ಲಿ ಪೊಲೀಸರ ಗುಂಡೂ ಹಾರಿತು. 2017–18ರಲ್ಲಿ ಮೂರೂ ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದವು. ಈಗ ಆ ಗೇಟಿನೊಳಗೆ ಗುತ್ತಿಗೆದಾರರ ಕೈಕೆಳಗೆ ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಆಗಿ ಸೇರಬೇಕೆಂದು ಬರುವ ಹುಡುಗನಿಗೆ ನಾನು ಹೇಳುವುದಿಷ್ಟು: ಕಣ್ಣು ಮುಚ್ಚು, ಜುಲೈ ತಿಂಗಳಲ್ಲಿ ನಿನ್ನನ್ನು ಅಲ್ಲಿ ನಿಲ್ಲಿಸಿಕೊಂಡು ನೋಡು. ಮಳೆ ಹಿಡಿದಿದೆ, ಪಂಪ್‌ಸೆಟ್ ಬಂದಾಗಿವೆ, ಜಲವಿದ್ಯುತ್ ಧಾರಾಳವಾಗಿದೆ, ಕಲ್ಲಿದ್ದಲ ಕರೆಂಟಿಗೆ ಬೇಡಿಕೆ ಇಳಿದು ಯೂನಿಟ್ ನಿಲ್ಲಿಸಿದ್ದಾರೆ. ಆಗ ನೀನು ಏನು ಮಾಡುತ್ತಿರುತ್ತಿ? ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕಣ್ಣು ಬಿಡುತ್ತಾನೆ. ‘ಯೂನಿಟ್ ನಿಂತಾಗ ನಮ್ಮ ಹಾಜರಿ ಹೆಂಗರಿ?’ ಸಿಕ್ಕಿತು! ಯಾವ ಪುಸ್ತಕದಲ್ಲೂ ಇಲ್ಲದ, ಈ ಕೆಲಸಕ್ಕೇ ಹೇಳಿ ಮಾಡಿಸಿದ ಪ್ರಶ್ನೆ. ಆ ಗಳಿಗೆಯ ಸುಖಕ್ಕಾಗಿಯೇ ನಾನು ಚಹಾದ ಖರ್ಚು ಹೊರುತ್ತೇನೆ.

ಫೋನ್ ತೆಗೆದರೆ ಉತ್ತರ ಸಿಗುವಂಥದ್ದನ್ನು ನಾನು ಆರಿಸುವುದಿಲ್ಲ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ 123.08 ಟಿಎಂಸಿ ಎಂಬುದನ್ನು ನಮ್ಮ ಹುಡುಗರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಅದನ್ನು ಕೇಳಿ ಕೆಲಸ ಕೊಡುವವರೂ ಇದ್ದಾರೆ, ಇರಲಿ. ‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ?’ ಎಂಬ ಆಮದು ಪ್ರಶ್ನೆಗೆ ನಮ್ಮ ಓಣಿಯ ಒಬ್ಬ ‘ಇಲ್ಲೇ ಮಸೂತ್ಯಾಗರಿ, ದೇವರಿಟ್ಟಂಗ’ ಎಂದು ಬಂದ. ಅದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ತಿಳಿಯದು. ಪ್ರಶ್ನೆಯೇ ಪೊಳ್ಳು.

ಪ್ರಶ್ನೆ ಆರಿಸುವುದನ್ನು ನಾನು ಕಲಿತದ್ದು ದನದ ಸಂತೆಯಲ್ಲಿ ಅಂದರೆ ನಗಬೇಡಿ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ತೊರವಿಯಲ್ಲಿ ಜಾನುವಾರು ಸೇರುತ್ತವೆ. ಹೊಸಬ ಎತ್ತಿನ ಹಲ್ಲು ಎಣಿಸುತ್ತಾನೆ, ಬೆಲೆ ಕೇಳುತ್ತಾನೆ. ಪಳಗಿದವನು ಹಲ್ಲನ್ನು ನೋಡಿಯೂ ನೋಡದವನಂತೆ ಒಂದು ಸುತ್ತು ಹಾಕಿ, ಮೆಲ್ಲಗೆ ‘ಎಡಕ್ಕ ಹೂಡತೀರೋ ಬಲಕ್ಕೋ?’ ಅನ್ನುತ್ತಾನೆ, ಆಮೇಲೆ ‘ಜೋಡಿ ಎತ್ತು ಎಲ್ಲೈತಿ?’, ಕಡೆಗೆ ‘ಯಾಕ ಮಾರ್ತೀರಿ?’. ಮೂರನೆಯದಕ್ಕೆ ಮಾರುವವನ ಮುಖ ನೋಡಬೇಕು. ಬೆಲೆಯ ಮಾತು ಟವೆಲಿನ ಕೆಳಗೆ ಬೆರಳುಗಳಲ್ಲಿ ಆಮೇಲೆ ನಡೆಯುತ್ತದೆ. ನಾನು ಹುಡುಗರಿಗೆ ಕೊಡುವ ಸರಣಿಯೂ ಇದೇ. ಮೊದಲು ಕೆಲಸದ್ದು: ಪಾಳಿಯಲ್ಲಿ ನನ್ನ ಮೇಲೆ ಯಾರಿರುತ್ತಾರೆ, ಕಲಿಸುವವರು ಯಾರು. ನಂತರ, ‘ಈ ಜಾಗದಾಗ ಮೊದಲ ಇದ್ದವರು ಎಲ್ಲಿ ಹೋದ್ರು?’ ಪಗಾರ ಕಡೆಗೆ. ಆದರೆ ಪಗಾರವನ್ನು ಕೇಳಲೇಬೇಕು. ಯಾವ ತಾರೀಖಿಗೆ, ಯಾರ ಕೈಯಿಂದ, ಪಿಎಫ್ ಕಟ್ಟುತ್ತೀರಾ, ಯುಎಎನ್ ನಂಬರ್ ಯಾವಾಗ ಕೊಡುತ್ತೀರಿ? ನಮ್ಮ ಪಗಾರದಿಂದ ಶೇ 12 ಮುರಿದರೆ ಅಷ್ಟೇ ಮಾಲೀಕನೂ ಹಾಕಬೇಕು ಎಂಬುದು ಗೊತ್ತಿದ್ದು ಕೇಳುವವನ ದನಿಯೇ ಬೇರೆ ಇರುತ್ತದೆ. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತ್ತು. ಹುಡುಗರಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಮೇಜಿನ ಆಚೆ ಬದಿಯ ಸುಖವೂ ನನಗೆ ಸಿಕ್ಕಿದೆ. ಅತಿಥಿ ಶಿಕ್ಷಕರನ್ನು ಆರಿಸುವಾಗ ಒಮ್ಮೊಮ್ಮೆ ಹಿರಿಯನೆಂದು ನನ್ನನ್ನು ಕೂಡಿಸಿಕೊಳ್ಳುತ್ತಿದ್ದರು. ಉಳಿದವರು ರಾಜ್ಯಪಾಲರ ಹೆಸರು ಕೇಳುತ್ತಿದ್ದರು. ನಾನು ಒಂದು ಚೀಟಿ ಮುಂದೆ ಸರಿಸುತ್ತಿದ್ದೆ: 412ನ್ನು 4ರಿಂದ ಭಾಗಿಸಿ ಹುಡುಗ 13 ಎಂದು ಬರೆದಿದ್ದಾನೆ. ‘ಯಾಕ ಹಂಗ ಬರದಾನ?’ ಸರಿಯುತ್ತರ 103 ಎಂದಷ್ಟೇ ಹೇಳಿ ಕೈಕಟ್ಟಿ ಕೂತವರು ಎಷ್ಟೋ ಮಂದಿ. ಒಬ್ಬ ಹೆಣ್ಣುಮಗಳು ಚೀಟಿಯನ್ನು ದಿಟ್ಟಿಸಿ, ‘ಒಂದರಾಗ ನಾಕು ಹೋಗಂಗಿಲ್ಲ ಅಂತ ಮುಂದ ಹೋಗ್ಯಾನ್ರಿ, ಅಲ್ಲಿ ಸೊನ್ನಿ ಇಡೂದು ಬಿಟ್ಟಾನ’ ಎಂದಳು. ಹುಡುಗನ ತಲೆಯೊಳಗೆ ಹೊಕ್ಕು ಬಂದಿದ್ದಳು. ಎಲೆಕ್ಟ್ರಿಷಿಯನ್ ಹುಡುಗರಿಗೆ ನನ್ನ ಮೆಚ್ಚಿನದು: ‘ಲೈನ್ ಬಂದ್ ಐತಿ, ಮುಟ್ಟು ಅಂತ ಹೇಳ್ಯಾರ. ಏನ ಮಾಡ್ತಿ?’ ಟೆಸ್ಟರ್ ಹಚ್ಚುತ್ತೇನೆ ಎನ್ನುವುದು ಸಾಧಾರಣ ಉತ್ತರ. ಮೊದಲು ಕರೆಂಟ್ ಇರುವಲ್ಲಿ ಹಚ್ಚಿ ಟೆಸ್ಟರೇ ಸರಿಯಿದೆಯೋ ನೋಡಿ, ಆಮೇಲೆ ಲೈನಿಗೆ ಹಚ್ಚಿ, ಮತ್ತೊಮ್ಮೆ ಕರೆಂಟ್ ಇರುವಲ್ಲಿ ನೋಡುತ್ತೇನೆ ಎಂದವನಿಗೆ ಮುಂದಿನ ಪ್ರಶ್ನೆ ಬೇಕಿಲ್ಲ. ವೆಲ್ಡರ್‌ಗಾದರೆ 7018 ರಾಡಿನ ಮಾತು ತೆಗೆಯುವುದು. ಥಂಡಿ ಹಿಡಿದ ರಾಡಿನಿಂದ ಬೆಸೆದರೆ ಜೋಡಣೆ ಸೀಳೀತೆಂದು ಓವನ್ನಿನಲ್ಲಿ ಕಾಯಿಸುವ ವಿಚಾರ ಅವನ ಬಾಯಿಂದಲೇ ಬರುತ್ತದೋ ಎಂದು ಕಾಯುವುದು.

ಈ ವಿದ್ಯೆಯಲ್ಲಿ ಅಲ್ಲಮನ ಮುಂದೆ ನಾವೆಲ್ಲ ಬಚ್ಚಾಗಳು. ಶೂನ್ಯಸಂಪಾದನೆ ಓದುವಾಗ ನನಗೆ ಮತ್ತೆ ಮತ್ತೆ ಹೊಳೆಯುವುದು, ಅವನು ಒಬ್ಬರಿಗೆ ಕೇಳಿದ್ದನ್ನು ಇನ್ನೊಬ್ಬರಿಗೆ ಕೇಳುವುದಿಲ್ಲ. ಅರಿವೆ ಬಿಟ್ಟು ಬಂದ ಅಕ್ಕಮಹಾದೇವಿಗೆ, ಮತ್ತೆ ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಕೆಣಕುವ ಬಗೆ ಬೇರೆ. ಎದುರಿಗಿದ್ದವರಿಗೆ ಎಲ್ಲಿ ನೋಯುತ್ತದೋ ಅಲ್ಲೇ ಬೆರಳಿಡುತ್ತಾನೆ, ಉತ್ತರ ಬಂದರೆ ಅಷ್ಟೇ ಮನಸಾರೆ ತಲೆಬಾಗುತ್ತಾನೆ. ಎರಡನೆಯದು ನಮ್ಮ ಸಂದರ್ಶಕರಿಗೆ ಬಾರದ ವಿದ್ಯೆ.

ಅವರಿಗೆ ಬರುವ ವಿದ್ಯೆ ಬೇರೆಯೇ ಇದೆ. ‘ಅಡ್ಡಹೆಸರೇನು? ನಿಮ್ಮದು ಯಾವ ಓಣಿ? ಅಪ್ಪ ಏನ ಮಾಡ್ತಾನ?’ ಹಳ್ಳಿಯಲ್ಲಿ ಹುಟ್ಟಿದವರಿಗೆ ಈ ಮೂರು ಪ್ರಶ್ನೆಗಳು ಎತ್ತ ತಿರುಗುತ್ತವೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಕೇಳಬೇಡಿರೆಂದು ಬಿಡಿಸಿದ ಪ್ರಶ್ನೆ ಅದು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದಾಗ, ಪ್ರಶ್ನೆಗಳ ಹುಚ್ಚಿನ ನಾನೂ ಚಪ್ಪಾಳೆ ತಟ್ಟಿದೆ. ಕೆಟ್ಟ ಪ್ರಶ್ನೆಗಿಂತ ಪ್ರಶ್ನೆ ಇಲ್ಲದಿರುವುದು ಮೇಲು. ಆ ಮೂರರಲ್ಲಿ ಒಂದು ಬಂದರೆ, ‘ಈ ಕೆಲಸಕ್ಕ ಅದು ಬೇಕೇನ್ರಿ?’ ಎಂದು ನಗುನಗುತ್ತ ತಿರುಗಿಸುವುದನ್ನು ಹುಡುಗಿಯರಿಗೆ ಹೇಳಿಕೊಡುತ್ತೇನೆ. ಹುಡುಗರಿಗಿಂತ ಅವರಿಗೆ ಅದು ಚಲೋ ಒಗ್ಗುತ್ತದೆ.

ಖಾಸಗಿಯಲ್ಲಿ, ಗುತ್ತಿಗೆಯಲ್ಲಿ ಸಂದರ್ಶನ ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಮೇಜಿನ ಆಚೆ ಕೂರುವವರಲ್ಲಿ ಒಂದು ವಿನಂತಿ. ‘ಕೇಳುವುದಿದೆಯೇ?’ ಎನ್ನುತ್ತಲೇ ಫೈಲು ಮಡಚಿ ಮುಂದಿನವನ ಹೆಸರು ಕೂಗಬೇಡಿ. ನಮ್ಮ ಹುಡುಗರು ಈಗ ಪ್ರಶ್ನೆ ಕಟ್ಟಿಕೊಂಡೇ ಬರುತ್ತಾರೆ; ಎರಡು ನಿಮಿಷ ಕೂತುಕೊಳ್ಳಿ.